ಗುಲಗಂಜಿಯ ಕಣ್ಣು

ತಿಳಿಯಾಗಿ ಕಾಣುವ ನೀರೆಲ್ಲ ಒಳ್ಳೆಯ ನೀರು ಎಂದು ಮನುಷ್ಯರಿಗೆ ಮೊದಲು ಹೇಳಿಕೊಟ್ಟವರು ಯಾರೋ ನನಗೆ ಗೊತ್ತಿಲ್ಲ. ಸಿಕ್ಕಿದ್ದರೆ ಅವರನ್ನು ಹೊಳೆಗುಂದಿಗೆ ಕರೆತಂದು, ನಮ್ಮ ಬೆಳಕುಕಟ್ಟೆಯ ಕೋಣೆಯಲ್ಲಿ ನನ್ನ ಕುರ್ಚಿಯ ಮೇಲೆ ಕೂರಿಸಿ, ಎದುರಿಗೆ ನನ್ನ ಮಾವನವರನ್ನು ನಿಲ್ಲಿಸುತ್ತಿದ್ದೆ. ಆಮೇಲೆ ಅವರುಂಟು, ಇವರುಂಟು.

ನಾನು ಕಸ್ತೂರಿ. ಓದಿದ್ದು ರಸಾಯನಶಾಸ್ತ್ರ, ಸೊಸೆಯಾಗಿ ಬಂದದ್ದು ನೀಲಗಾರರ ಮನೆಗೆ, ದುಡಿಯುವುದು ಅದೇ ಊರಿನ ನೀರು ತೊಳೆಯುವ ಕಟ್ಟೆಯಲ್ಲಿ. ಹೊಳೆಗುಂದಿ ಸೀರೆಯ ನೂಲಿಗೆ ಬಣ್ಣ ಕಟ್ಟುವ ಊರು. ನಾನು ಚಿಕ್ಕವಳಿದ್ದಾಗ ಈ ಊರಿನ ಕೆಳಗೆ ಮಲಪ್ರಭೆ ಒಂದು ದಂಡೆಗೆ ಕೆಂಪಾಗಿ, ಇನ್ನೊಂದು ದಂಡೆಗೆ ನೀಲಿಯಾಗಿ ಹರಿಯುತ್ತಿತ್ತಂತೆ. ಕೆಳಗಿನ ಹಳ್ಳಿಗಳವರು ಬಡಿದಾಡಿ, ಕೋರ್ಟಿಗೆ ಹೋಗಿ, ಕೊನೆಗೆ ಸರಕಾರ ಒಂದು ಕಾಯಿದೆ ತಂದಿತು. ಬಣ್ಣದ ಊರುಗಳು ತಮ್ಮ ನೀರನ್ನು ಹೊಳೆಗೆ ಬಿಡುವ ಹಾಗಿಲ್ಲ, ತೊಳೆದು ತಾವೇ ಕುಡಿಯಬೇಕು. ಬಣ್ಣದ ಮನೆಗಳಿಂದ ಹೊರಟ ನೀರು ಈಗ ಬೆಳಕುಕಟ್ಟೆಗೆ ಬಂದು, ಅಲ್ಲಿಂದ ಊರಿನ ದೊಡ್ಡ ಟಾಕಿಗೆ ಏರಿ, ಮತ್ತೆ ನಮ್ಮ ನಮ್ಮ ನಲ್ಲಿಗಳಿಗೇ ಇಳಿಯುತ್ತದೆ. ಕಾಯಿದೆ ಬರೆದವರು ಜಾಣರು. ತಾನು ಕುಡಿಯುವ ನೀರಿಗೆ ಯಾರೂ ವಿಷ ಬಿಡಲಾರರು ಎಂದುಕೊಂಡರು. ಅವರು ನಮ್ಮೂರನ್ನು ನೋಡಿರಲಿಲ್ಲ.

ಕಟ್ಟೆ ಎಂದರೆ ಬಯಲಿನಲ್ಲಿ ಸಾಲಾಗಿ ಮಲಗಿಸಿದ ಗಾಜಿನ ಕಾಲುವೆಗಳು. ಗೇಣುದ್ದ ಆಳ, ಒಳಮೈಗೆ ತಿಳಿಹಳದಿ ಲೇಪ. ಬಿಸಿಲು ಬಿದ್ದಾಗ ಆ ಲೇಪದೊಳಗಿನ ಎಲೆಕ್ಟ್ರಾನು ತನ್ನ ಜಾಗ ಬಿಟ್ಟು ಮೇಲೆ ಜಿಗಿಯುತ್ತದೆ. ಅದು ಬಿಟ್ಟುಹೋದ ಖಾಲಿ ಜಾಗ ಸುಮ್ಮನಿರುವುದಿಲ್ಲ, ಪಕ್ಕದ ನೀರಿನಿಂದ ಇನ್ನೊಂದು ಎಲೆಕ್ಟ್ರಾನನ್ನು ಎಳೆದುಕೊಳ್ಳುತ್ತದೆ. ನೀರಿನ ಕಣ ಮುರಿದು ಒಂದು ಹಸಿದ ತುಣುಕು ಹುಟ್ಟುತ್ತದೆ. ಅದರ ಆಯುಷ್ಯ ಕಣ್ಣು ಮಿಟುಕಿಸುವಷ್ಟೂ ಇಲ್ಲ, ಆದರೆ ಅಷ್ಟರಲ್ಲೇ ಸಿಕ್ಕಿದ ಇಂಗಾಲದ ಕಣವನ್ನು ಕಚ್ಚಿ ಹರಿದುಬಿಡುತ್ತದೆ. ಬಣ್ಣ, ಎಣ್ಣೆ, ಸಾಬೂನು, ಯಾವುದನ್ನೂ ಬಿಡುವುದಿಲ್ಲ. ಬೇಕಷ್ಟು ಬಿಸಿಲು ಕೊಟ್ಟರೆ ಕೊನೆಗೆ ಉಳಿಯುವುದು ನೀರು, ಒಂದಿಷ್ಟು ಉಪ್ಪು ಮತ್ತು ನಾವು ಉಸಿರು ಬಿಡುವಾಗ ಹೊರಹಾಕುವ ಅದೇ ಗಾಳಿ. ಔಷಧ ಸುರಿಯಬೇಕಿಲ್ಲ, ಕರೆಂಟು ಸುಡಬೇಕಿಲ್ಲ. ನಮ್ಮ ಕಡೆಯ ಬಿಸಿಲಿಗೆ ಇದ್ದ ಒಂದೇ ಮರ್ಯಾದೆ ಇದು.

ಬೇಕಷ್ಟು ಬಿಸಿಲು ಕೊಟ್ಟರೆ ಅಂದೆನಲ್ಲ, ತಕರಾರು ಇರುವುದು ಅಲ್ಲಿಯೇ.

ನಮ್ಮ ಸೆರಗಿನ ಕೆಂಪು ಬಣ್ಣದ ಕಣವೆಂದರೆ ಎರಡು ಗಟ್ಟಿ ಬಳೆಗಳು, ನಡುವೆ ಒಂದು ಸಡಿಲ ಕೊಂಡಿ. ಬಣ್ಣ ಹುಟ್ಟುವುದು ಆ ಕೊಂಡಿಯಿಂದ. ಹಸಿದ ತುಣುಕು ಮೊದಲು ಕಚ್ಚುವುದೂ ಅದನ್ನೇ. ಕೊಂಡಿ ಮುರಿದ ಕೂಡಲೇ ಬಣ್ಣ ಮಾಯ. ಆದರೆ ಬಳೆಗಳೆರಡೂ ನೀರಿನಲ್ಲೇ ಇರುತ್ತವೆ. ಅವಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಇಡೀ ಬಣ್ಣಕ್ಕಿಂತ ಈ ಚೂರುಗಳೇ ಹೆಚ್ಚು ಕೆಟ್ಟವು, ಸಣ್ಣವಾದ್ದರಿಂದ ಸಲೀಸಾಗಿ ರಕ್ತಕ್ಕೆ ಇಳಿಯುತ್ತವೆ. ಅವು ಒಡೆಯಲು ಇಡೀ ದಿನದ ಬಿಸಿಲು ಬೇಕು. ಹಳೆಯ ಲೇಪ ಮಂದವಾಗಿತ್ತು, ಬಣ್ಣವೂ ನಿಧಾನ, ಚೂರೂ ನಿಧಾನ, ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಮುಗಿಯುತ್ತಿದ್ದವು. ಹೋದ ವರ್ಷ ಹೊಸ ಲೇಪ ಬಂತು. ಬೆಳಿಗ್ಗೆ ತುಂಬಿದ ಕೆಂಪು ನೀರು ನಾಷ್ಟಾ ಮುಗಿಸಿ ಬರುವಷ್ಟರಲ್ಲಿ ಗಾಜಿನಂತೆ ತಿಳಿಯಾಗತೊಡಗಿತು. ಚೂರುಗಳಿಗೆ ಮಾತ್ರ ಮೊದಲಿನಷ್ಟೇ ಹೊತ್ತು.

ಇದನ್ನು ಅಳೆಯಲು ನನ್ನ ಹತ್ತಿರ ಮಾಪಕವಿದೆ. ನೀರಿನಲ್ಲಿ ಇನ್ನೂ ಎಷ್ಟು ಇಂಗಾಲ ಉಳಿದಿದೆ ಎಂದು ಹೇಳುತ್ತದೆ. ಅದರ ಮಾತು ಕೇಳುವವರು ಹೊಳೆಗುಂದಿಯಲ್ಲಿ ನಾನೊಬ್ಬಳೇ. ಊರು ಕೇಳುವುದು ಬೋಗುಣಿಯ ಮಾತು.

ಬೋಗುಣಿಯ ಕತೆ ಕಟ್ಟೆಗಿಂತ, ಕಾಯಿದೆಗಿಂತ, ನನ್ನ ಮಾವನವರಿಗಿಂತ ಹಳೆಯದು. ಮೇಲಿನ ಓಣಿಯವರು ಬಣ್ಣದ ನೀರು ಬಿಟ್ಟರೆಂದು ಕೆಳಗಿನ ಓಣಿಯವರು ಜಗಳ ತೆಗೆಯುತ್ತಿದ್ದ ಕಾಲದಲ್ಲಿ ಹಿರಿಯರು ಒಂದು ರೂಢಿ ಮಾಡಿದರು. ನೀಲಗಾರರ ಹಿರಿಯ ಮನೆಯ ಯಜಮಾನ ಕಲಾಯಿ ಹಾಕಿಸಿದ ತಾಮ್ರದ ಬೋಗುಣಿಯಲ್ಲಿ ಒಂದು ಗುಲಗಂಜಿ ಇಟ್ಟು, ಅಂಚಿನವರೆಗೆ ನೀರು ತುಂಬಿ, ನಿಂತ ನಿಲುವಿನಲ್ಲಿ ನೋಡಬೇಕು. ಕೆಂಪು ಗುಲಗಂಜಿಯ ತುದಿಗೆ ಇರುವ ಕಪ್ಪು ಚುಕ್ಕೆ, ಅದಕ್ಕೆ ಇವರು ಕಣ್ಣು ಅನ್ನುತ್ತಾರೆ, ಸ್ಪಷ್ಟವಾಗಿ ಕಂಡರೆ ನೀರು ಬಿಡಬಹುದು. ಕಾಣದಿದ್ದರೆ ಇಲ್ಲ. ಅರೆದರೆ ವಿಷವಾಗುವ ಬೀಜವನ್ನು ಹಾಕಿ ನೀರು ಒಳ್ಳೆಯದೋ ಕೆಟ್ಟದ್ದೋ ನೋಡುವ ಊರು ಇದೊಂದೇ ಇರಬೇಕು. ಕಟ್ಟೆ ಶುರುವಾಗುವಾಗ ಊರವರು, ಬೋಗುಣಿ ಒಪ್ಪಿದ ಮೇಲೆಯೇ ಟಾಕಿಗೆ ನೀರು ಬಿಡುವ ಬಾಗಿಲು ತೆಗೆಯಬೇಕು ಎಂದು ಹಟ ಹಿಡಿದರು. ಅಧಿಕಾರಿಗಳು ಫೋಟೊ ಚೆನ್ನಾಗಿ ಬರುತ್ತದೆ ಎಂದು ಒಪ್ಪಿದರು. ಮಾಪಕವೂ ಒಪ್ಪಬೇಕು ಎಂದು ಬರೆಸಲು ಯಾರಿಗೂ ನೆನಪಾಗಲಿಲ್ಲ.

ಈಗ ಬೋಗುಣಿ ಹಿಡಿಯುವ ಯಜಮಾನರು ನನ್ನ ಮಾವ, ಈರಬಸಪ್ಪ ನೀಲಗಾರ.

"ನೋಡು ಬಾ ಕಸ್ತೂರಿ, ಕಣ್ಣು ಎಷ್ಟು ಚಂದ ಕಾಣಾಕತ್ತೈತಿ," ಎಂದು ಪ್ರತಿದಿನ ಬೆಳಿಗ್ಗೆ ಕರೆಯುತ್ತಿದ್ದರು.

"ಮಾವಾರ, ಕಣ್ಣು ಕಂಡ್ರ ಆಗಲಿಲ್ಲರಿ. ಬಣ್ಣ ಹೋಗೈತಿ, ಬಣ್ಣದ ಚೂರು ಹೋಗಿಲ್ಲ."

"ಚೂರು ಎಲ್ಲೈತಿ? ತೋರ್ಸು."

"ಅವು ಕಾಣೂದಿಲ್ಲರಿ."

"ಕಾಣೂದಿಲ್ಲ ಅಂದ್ರ ಇಲ್ಲವಾ ತಂಗಿ."

"ಮೆಣಸಿನಕಾಯಿ ಬಿಸಲಾಗ ಬೆಳ್ಳಗಾದ್ರ ಖಾರ ಹೋಗತೈತೇನ್ರಿ?"

"ಮೆಣಸಿನಕಾಯಿ ಬಾಯಾಗ ಇಟ್ರ ಗೊತ್ತಾಗತೈತಿ. ಇದನ್ನೂ ಕುಡದು ನೋಡೀನಿ. ಸಿಹಿ ಐತಿ ನೀರು." ಅಷ್ಟು ಹೇಳಿ ಬಾಗಿಲು ಕಾಯುವ ಹುಸೇನಸಾಬನ ಕಡೆ ತಿರುಗಿ ಗದ್ದ ಎತ್ತಿದರೆ ಮುಗಿಯಿತು. ಹುಸೇನಸಾಬ ನನ್ನ ಮುಖ ನೋಡುತ್ತಲೇ ಚಕ್ರ ತಿರುಗಿಸುತ್ತಿದ್ದ. ನನ್ನ ಪರದೆಯ ಮೇಲೆ ಮಾಪಕದ ಕೆಂಪು ದೀಪ ಮಿಣಮಿಣ ಅನ್ನುತ್ತ ಇರುತ್ತಿತ್ತು. ಅದಕ್ಕೂ ನನಗೂ ಊರಿನಲ್ಲಿ ಒಂದೇ ಬೆಲೆ.

ಜಗಳ ಮಾಡಲಿಲ್ಲವೇ ಎಂದು ಕೇಳಬೇಡಿ. ಮಾಡಿ ಮಾಡಿ ಗಂಟಲು ಕಟ್ಟಿತ್ತು. ಮೇಲಿನ ಆಫೀಸಿಗೆ ಫೋನು ಮಾಡಿದರೆ, "ಸ್ಥಳೀಯ ಭಾವನೆಗಳನ್ನು ಗೌರವಿಸಿ ಮೇಡಂ" ಅಂದರು. ಬಣ್ಣಗಾರರ ಸಂಘದ ಚೇರ್ಮನ್ ರಾಚಯ್ಯನವರು ನಕ್ಕುಬಿಟ್ಟರು. ಅವರಿಗೆ ಬೋಗುಣಿಯ ಮೇಲೆ ಭಕ್ತಿಯೇನೂ ಇರಲಿಲ್ಲ. ಹೊಸ ಲೇಪ ಬಂದ ಮೇಲೆ ಕಾಲುವೆಗಳನ್ನು ದಿನಕ್ಕೊಂದು ಸಲದ ಬದಲು ನಾಲ್ಕು ಸಲ ತುಂಬಬಹುದಾಗಿತ್ತು, ಅಷ್ಟೇ ಅವರಿಗೆ ಬೇಕಾಗಿದ್ದು. ಗಂಡನ ಹತ್ತಿರ ಹೇಳಿದರೆ ಅವನು, "ಅಪ್ಪಗ ನಾ ಏನು ಹೇಳ್ಲಿ?" ಎಂದು ಬಣ್ಣದ ಕೊಪ್ಪರಿಗೆಯ ಕಡೆ ಹೋಗುತ್ತಿದ್ದ. ಮನೆಯಲ್ಲಿ ಕುಡಿಯಲು ನಾನು ಹೊರಗಿನಿಂದ ಡಬ್ಬಿ ನೀರು ತರಿಸುತ್ತಿದ್ದೆ. ಅತ್ತೆಯವರು ಅದನ್ನು ಗಿಡಗಳಿಗೆ ಹಾಕುತ್ತಿದ್ದರು.

"ಯಾವ ಊರ ನೀರೋ ಏನೋ, ಹಳಸಿದ ವಾಸನಿ ಬರತೈತಿ. ನಮ್ಮ ಮನ್ಯಾರು ನೋಡಿ ಬಿಟ್ಟ ನೀರು ಬಿಟ್ಟು ಇದನ್ಯಾಕ ಕುಡೀಬೇಕು?"

"ಅತ್ತೀ, ಕೂಸಿನ ಹಾಲಿಗಾದ್ರೂ ಡಬ್ಬಿ ನೀರು ಹಾಕ್ರಿ."

"ಹಾಕತೇನಿ ಹಾಕತೇನಿ," ಅನ್ನುತ್ತಿದ್ದರು ಗೌರವ್ವ ಅತ್ತೆ. ಹಾಕುತ್ತಿರಲಿಲ್ಲ ಎಂದು ನನಗೆ ಆಮೇಲೆ ಗೊತ್ತಾಯಿತು.

ಕೂಸು ನನ್ನ ನಾದಿನಿ ದಾಕ್ಷಾಯಣಿಯದು. ಬಾಣಂತನಕ್ಕೆ ಬಂದವಳು. ಎರಡು ತಿಂಗಳ ಹೆಣ್ಣು ಕೂಸು, ಇನ್ನೂ ಹೆಸರಿಟ್ಟಿರಲಿಲ್ಲ, ಎಲ್ಲರೂ ಚಿನ್ನವ್ವ ಅನ್ನುತ್ತಿದ್ದರು. ದಾಕ್ಷಾಯಣಿಗೆ ಎದೆಹಾಲು ಸಾಲದೆ ಡಬ್ಬಿಯ ಪುಡಿ ಕಲಸಿ ಕುಡಿಸುತ್ತಿದ್ದರು. ಮಾವನವರಿಗೆ ಆ ಕೂಸೆಂದರೆ ಪ್ರಾಣ. ಕಟ್ಟೆಯಿಂದ ಬಂದವರೇ ಕೈಕಾಲು ತೊಳೆದು ಅದನ್ನು ತೊಡೆಯ ಮೇಲೆ ಹಾಕಿಕೊಂಡು, ತಮ್ಮ ನೀಲಿ ಬೆರಳನ್ನು ಅದರ ಮುಷ್ಟಿಗೆ ಕೊಟ್ಟು ಕೂರುತ್ತಿದ್ದರು. ಹುಡುಗನಾಗಿದ್ದಾಗಿನಿಂದ ನೀಲಿಯ ಕೊಪ್ಪರಿಗೆಯಲ್ಲಿ ಅದ್ದಿದ ಕೈ ಅವು. ಉಗುರುಗಳಂತೂ ಬುಡದವರೆಗೆ ನೀಲಿ. ಯಾವ ಸಾಬೂನಿಗೂ ಬಗ್ಗಿದ್ದಿಲ್ಲ.

ನೀಲಗಾರರ ಓಣಿಯಲ್ಲಿ ಎಲ್ಲವೂ ಹಾಗೆಯೇ. ಬಾಗಿಲ ಚೌಕಟ್ಟಿಗೆ ನೀಲಿ ಬೆರಳಿನ ಗುರುತು, ರೊಟ್ಟಿ ಬುಟ್ಟಿಯ ಅಂಚಿಗೆ ನೀಲಿ, ಕೂಸಿನ ಕೆನ್ನೆಗೆ ನೀಲಿ. ಎತ್ತಿಕೊಂಡವರ ಕೈ ಬಣ್ಣ ಹತ್ತುತ್ತದೆ, ಸ್ನಾನ ಮಾಡಿಸುವಾಗ ಹೋಗುತ್ತದೆ. ಇದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಆ ವರ್ಷ ಮದುವೆಯ ಸುಗ್ಗಿ ಜೋರಾಗಿತ್ತು. ಕೆಂಪು ಸೆರಗಿನ ನೂಲು ಎಷ್ಟು ಕೊಟ್ಟರೂ ನೇಕಾರರಿಗೆ ಸಾಲುತ್ತಿರಲಿಲ್ಲ. ಬಣ್ಣದ ಮನೆಗಳು ಎರಡು ಪಾಳಿ ನಡೆದವು. ಬಾಣಂತಿ ದಾಕ್ಷಾಯಣಿಯೂ, "ಕುಂತು ಕುಂತು ಸಾಕಾತು ವೈನಿ," ಎಂದು ನೂಲಿನ ಲಡಿ ಹಿಂಡಲು ಕೂತಳು. ಅಷ್ಟರಲ್ಲಿ ಮೂಡಲ ಕಡೆಯಿಂದ ಮೋಡ ಕವಿಯಿತು. ಮಳೆ ಬರಲಿಲ್ಲ, ಸುಮ್ಮನೆ ಬಿಸಿಲಿಗೆ ಅಡ್ಡ ನಿಂತಿತು. ಮೋಡದ ಬೆಳಕಿನಲ್ಲೂ ಹೊಸ ಲೇಪ ಕೆಂಪನ್ನು ಅಳಿಸಿಬಿಡುತ್ತಿತ್ತು. ಆದರೆ ಚೂರುಗಳ ಗತಿ? ನನ್ನ ಮಾಪಕದ ಅಂಕಿ ಆ ವಾರ ಏರಿದ್ದು ಇಳಿಯಲೇ ಇಲ್ಲ.

ರಾಚಯ್ಯನವರು ಸ್ವತಃ ಬಂದರು. "ಏನು ಮೇಡಮ್ಮಾರ, ಕಾಲಿವಿ ತುಂಬಿ ಬಣ್ಣದ ಮನಿ ಬಾಗಲಕ ನೀರು ನಿಂತಾವು. ಬಿಡ್ರಿ ಮತ್ತ."

"ಇವತ್ತು ಬಿಸಲಿಲ್ಲರಿ. ನಾಳಿ ತನಕ ಕಾಲಿವಿಯೊಳಗ ಇರ್ಲಿ."

"ಈರಬಸಪ್ಪನವರ, ನೀವೇನಂತೀರಿ?"

ಮಾವನವರು ಬೋಗುಣಿ ಎತ್ತಿ, ಮೋಡದ ಬೆಳಕಿಗೆ ಹಿಡಿದು, ನಿಂತ ನಿಲುವಿನಲ್ಲಿ ನೋಡಿದರು. ಕೆಲಸದಲ್ಲಿ ಅವರು ಮೋಸ ಮಾಡುವವರಲ್ಲ. ಒಂದಿಷ್ಟು ಮಬ್ಬಿದ್ದರೂ ಚೇರ್ಮನ್ನರ ಮುಖದ ಮೇಲೆಯೇ ಇಲ್ಲ ಅನ್ನುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿದ್ದುದೇ ಅದಕ್ಕೆ. ಸುಳ್ಳು ಹೇಳುವವರಾಗಿದ್ದರೆ ಬಯ್ದು ಸಮಾಧಾನ ಮಾಡಿಕೊಳ್ಳಬಹುದಿತ್ತು.

"ಕಣ್ಣು ಕಾಣತೈತಿ," ಅಂದರು. ಹುಸೇನಸಾಬ ಚಕ್ರ ತಿರುಗಿಸಿದ. ನಾನು ಕಡತ, ಪೆನ್ನು, ನೀರಿನ ಬಾಟಲಿ ಎಲ್ಲವನ್ನೂ ಮೇಜಿನ ಮೇಲೆ ಕುಕ್ಕಿ ಮನೆಗೆ ಬಂದೆ.

ಪಡಸಾಲೆಯಲ್ಲಿ ಅತ್ತೆ ತೊಟ್ಟಿಲು ತೂಗುತ್ತಿದ್ದರು. ದಾಕ್ಷಾಯಣಿ ಹಿತ್ತಲಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. ನಾನು ಸಿಟ್ಟು ಇಳಿಯಲೆಂದು ಕೂಸನ್ನು ಎತ್ತಿಕೊಂಡೆ. ಅದರ ತುಟಿ ನೀಲಿಯಾಗಿತ್ತು.

"ದಾಕ್ಷಿ, ಇದೇನ ಇದು?"

"ನಂದ ಕೈ ಬಣ್ಣ ವೈನಿ. ಬೆಳಿಗ್ಗಿನಿಂದ ನೀಲಿ ಲಡಿ ಹಿಂಡಾಕತ್ತೇನಿ. ಬಾಟಲಿ ಹಿಡಿಸುವಾಗ ಹತ್ತೈತಿ."

"ನೀಲಗಾರರ ಕೂಸು, ತುಟಿ ನೀಲಿ ಇರಲಾರದ ಇನ್ನೇನು ಇರತೈತಿ?" ಎಂದು ಅತ್ತೆ ನಕ್ಕರು. "ನಿನ್ನೆಯಿಂದ ಹಂಗ ಐತಿ. ನಿದ್ದೀನೂ ಚಲೋ ಮಾಡತೈತಿ, ಅಳೂದ ಇಲ್ಲ."

ಅಳುವುದೇ ಇಲ್ಲ. ಎರಡು ತಿಂಗಳ ಕೂಸು.

ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ತುಟಿ ಒರೆಸಿದೆ. ನಮ್ಮಲ್ಲಿ ಮೈಗೆ ಹತ್ತಿದ ಬಣ್ಣ ತೆಗೆಯುವುದು ಹಾಗೆ. ಬೆರಳಿಗೆ ಏನೂ ಬರಲಿಲ್ಲ. ಮತ್ತೆ ಒರೆಸಿದೆ, ಈ ಸಲ ಜೋರಾಗಿ. ತುಟಿ ಹಾಗೆಯೇ ಇತ್ತು. ಮುಷ್ಟಿ ಬಿಡಿಸಿ ಉಗುರು ನೋಡಿದೆ. ಎಳೆಯ ಉಗುರಿನ ಕೆಳಗೂ ಅದೇ ಮಂಕು ನೀಲಿ. ಬಣ್ಣ ಹೊರಗಿನಿಂದ ಹತ್ತಿರಲಿಲ್ಲ, ಒಳಗಿನಿಂದ ಬಂದಿತ್ತು.

"ಅತ್ತೀ, ಹಾಲಿಗೆ ಯಾವ ನೀರು ಹಾಕೀರಿ?"

ಅವರು ನಲ್ಲಿಯ ಕಡೆ ನೋಡಿದರು. ನನಗೆ ಉತ್ತರ ಬೇಕಾಗಲಿಲ್ಲ. ಚೂರುಗಳು ರಕ್ತಕ್ಕೆ ಇಳಿದರೆ, ಉಸಿರಿನ ಗಾಳಿ ಹೊರುವ ಕೆಂಪು ಕಣಗಳ ಕಬ್ಬಿಣಕ್ಕೆ ಒಂದು ಬಗೆಯ ತುಕ್ಕು ಹಿಡಿದಂತಾಗಿ, ಅವು ಗಾಳಿ ಹೊರುವುದನ್ನೇ ಬಿಡುತ್ತವೆ. ದೊಡ್ಡವರ ಮೈ ಅದನ್ನು ತಿದ್ದಿಕೊಳ್ಳುತ್ತದೆ. ಕೂಸಿನ ಮೈಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ. ಅದು ಉಸಿರಾಡುತ್ತಲೇ ಉಸಿರುಗಟ್ಟುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಈ ಮನೆಯಲ್ಲೇ ಹತ್ತು ಸಲ ಹೇಳಿದ್ದೆ. ಕೂಸನ್ನು ಎದೆಗೆ ಒತ್ತಿಕೊಂಡು ಓಣಿಗೆ ಓಡಿದೆ, ಹಿಂದೆ ದಾಕ್ಷಾಯಣಿ ಓಡಿ ಬಂದಳು. ಓಣಿಯ ತುದಿಯಲ್ಲಿ ಎದುರಾದ ಮಾವನವರು ಏನೂ ಕೇಳದೆ ನಮ್ಮೊಂದಿಗೇ ಆಟೋ ಹತ್ತಿದರು. ಅವರ ಕೈಯಲ್ಲಿ ಬೋಗುಣಿ ಇನ್ನೂ ಇತ್ತು.

ತಾಲೂಕಿನ ಆಸ್ಪತ್ರೆಯ ಡಾಕ್ಟರಮ್ಮ ಫರ್ಜಾನಾ ಚಿಕ್ಕ ವಯಸ್ಸಿನವರು. ಕೂಸಿಗೆ ಆಮ್ಲಜನಕ ಹಿಡಿದರು. ನೀಲಿ ಇಳಿಯಲಿಲ್ಲ. ಹಿಮ್ಮಡಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಬಿಳಿ ಕಾಗದದ ಮೇಲೆ ಇಳಿಸಿದರು. ಅದು ಕೆಂಪಾಗಿರಲಿಲ್ಲ. ಕರಗಿಸಿದ ಬೆಲ್ಲದ ಬಣ್ಣಕ್ಕಿತ್ತು.

ಮಾವನವರು ಬಾಗಿ ಆ ಹನಿಯನ್ನೇ ನೋಡಿದರು. ಬಣ್ಣ ನೋಡುವುದನ್ನು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ.

"ರಕ್ತ ಯಾಕ ಹಿಂಗೈತಿ?" ಅಂದರು.

"ನೀರಿನಿಂದರಿ ಅಜ್ಜಾರ," ಎಂದು ಡಾಕ್ಟರಮ್ಮ ನನ್ನ ಮುಖ ನೋಡಿದರು. "ಊರಾಗ ಇನ್ನೂ ಎಷ್ಟು ಕೂಸು ಅದಾವು? ನಿನ್ನೆ ಹೊಳೆಗುಂದಿಯಿಂದ ಇನ್ನೊಬ್ರು ಬಂದಿದ್ರು. ತುಟಿಗೆ ಬಣ್ಣ ಹತ್ತೈತಿ ಅಂತ ಅವ್ರೂ ಹೇಳಿ, ಕೆಮ್ಮಿಗೆ ಔಷಧ ತಗೊಂಡು ಹೋದ್ರು. ನಾನೂ ನಂಬಿದೆ."

ನಾನು ಹುಸೇನಸಾಬನಿಗೆ ಫೋನು ಮಾಡಿದೆ. "ಬಾಗಲಾ ಹಾಕು. ಊರ ಟಾಕಿಯಿಂದ ಒಂದು ಹನಿ ಇಳೀಬಾರ್ದು."

"ಅಕ್ಕಾರ, ಬೋಗುಣಿ ಒಪ್ಪೇತ್ರಿ. ಯಜಮಾನ್ರು ಬಿಡು ಅಂದಾರ. ಚೇರ್ಮನ್ರು ಇಲ್ಲೇ ಕುಂತಾರ. ನಾ ಹೆಂಗ ಹಾಕ್ಲಿ?"

"ಹುಸೇನಾ, ನಾ ಹೇಳಾಕತ್ತೇನಿ!"

"ನಿಮ್ಮ ಮಾತು ಖರೇರಿ ಅಕ್ಕಾರ, ಆದ್ರ..."

ಆಸ್ಪತ್ರೆಯ ಗೋಡೆಗೆ ಫೋನು ಬೀಸಿ ಒಗೆಯಬೇಕು ಅನ್ನಿಸಿತು. ಒಂದು ಊರು, ಒಂದು ಟಾಕಿ, ಎಷ್ಟೋ ತೊಟ್ಟಿಲು, ಮತ್ತು ಇನ್ನೂ ಒಂದು 'ಆದ್ರ'. ಅಷ್ಟರಲ್ಲಿ ಮಾವನವರು ಕೈ ಚಾಚಿದರು. ಫೋನು ಕೊಟ್ಟೆ. ಅವರು ಅದನ್ನು ಕಿವಿಗೆ ಹಿಡಿದರು. ಇನ್ನೊಂದು ಕೈಯಲ್ಲಿದ್ದ ಬೋಗುಣಿಯನ್ನು ಕೆಳಗಿಟ್ಟರು, ಅದರೊಳಗೆ ಗುಲಗಂಜಿ ಉರುಳಿದ ಸದ್ದು ಕೇಳಿತು.

"ಹುಸೇನಾ, ಬಾಗಲಾ ಹಾಕು. ಬೋಗುಣಿ ಸುಳ್ಳು ಹೇಳೇತಿ."

ಡಾಕ್ಟರಮ್ಮ ಕಪಾಟಿನಿಂದ ಒಂದು ಸಣ್ಣ ಸೀಸೆ ತೆಗೆದರು. ಅದರಲ್ಲಿದ್ದ ಔಷಧ ಕಡುನೀಲಿ. ನನಗೆ ಗುರುತು ಸಿಕ್ಕಿತು. ಮೆಥಿಲೀನ್ ನೀಲಿ. ನಮ್ಮ ಕೋಣೆಯಲ್ಲಿ ಹೊಸ ಲೇಪ ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಗಾಜಿನ ಪಟ್ಟಿಯ ಮೇಲೆ ಹಾಕಿ ಬಿಸಿಲಿಗಿಡುವ ಬಣ್ಣ. ಅದನ್ನೇ ಶುದ್ಧ ಮಾಡಿ, ತೂಕ ನೋಡಿ ಕೊಟ್ಟರೆ ತುಕ್ಕು ಹಿಡಿದ ರಕ್ತಕ್ಕೆ ಮದ್ದು. ದಾಕ್ಷಾಯಣಿ ಅದನ್ನು ಕಂಡವಳೇ, "ಮತ್ತ ನೀಲಿ ಬ್ಯಾಡ್ರಿ, ನಿಮ್ಮ ಕಾಲು ಬೀಳತೇನಿ," ಎಂದು ಅಡ್ಡ ಬಂದಳು. ಅವಳನ್ನು ಹಿಡಿದುಕೊಂಡು ಹಿಂದೆ ಎಳೆದವರು ಮಾವನವರು.

ನೀಲಿ ನರದೊಳಗೆ ಇಳಿಯಿತು. ನಾವು ತುಟಿ ನೋಡುತ್ತ ನಿಂತೆವು. ನೋಡುತ್ತಿದ್ದಂತೆ ಮಂಕು ಸರಿಯಿತು, ತುಟಿಯ ನಡುವೆ ಕೆಂಪು ಮೂಡಿತು, ಆಮೇಲೆ ಅಂಚಿಗೂ ಹರಡಿತು. ಕೂಸು ಮುಖ ಕಿವುಚಿ, ಬಾಯಿ ತೆರೆದು, ಆಸ್ಪತ್ರೆಯೇ ಬೀಳುವ ಹಾಗೆ ಅತ್ತಿತು. ನಾನೂ ಅತ್ತುಬಿಟ್ಟೆ. ಮಾವನವರು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು.

ಆ ಸಂಜೆಯೊಳಗೆ ಹುಸೇನಸಾಬ ಮನೆಮನೆ ತಿರುಗಿ, ನೀಲಿ ತುಟಿಯ ಕೂಸುಗಳನ್ನೆಲ್ಲ ಆಸ್ಪತ್ರೆಗೆ ಕಳಿಸಿದ. ಪ್ರತಿ ಮನೆಯಲ್ಲೂ, "ಅದು ಕೈ ಬಣ್ಣ," ಎಂದು ಅವನನ್ನು ಬಾಗಿಲಿಂದಲೇ ಕಳಿಸಲು ನೋಡಿದರಂತೆ. ನಾನು ಹೇಳಿದ್ದರಿಂದ ಅವನು ಜೇಬಿನಲ್ಲಿ ಕೊಬ್ಬರಿ ಎಣ್ಣೆಯ ಸೀಸೆ ಇಟ್ಟುಕೊಂಡು ಹೋಗಿದ್ದ, ತುಟಿ ಒರೆಸಿ ತೋರಿಸಿದ. ಎಲ್ಲ ಕೂಸುಗಳೂ ಉಳಿದವು. ಚಿನ್ನವ್ವ ಎರಡು ದಿನ ಹಸಿರು ಉಚ್ಚೆ ಹೊಯ್ದಿತು, ಆ ಔಷಧದ ಗುಣ ಹಾಗೆ. ಅತ್ತೆ ಲಂಗೋಟಿ ಒಗೆಯುತ್ತ, "ಹಸಿರೋ ಹಳದೀನೋ, ಹೊಯ್ದ್ರ ಸಾಕು," ಅಂದರು.

ಇನ್ನಾದರೂ ಊರಿಗೆ ಬುದ್ಧಿ ಬಂದೀತು ಎಂದುಕೊಂಡೆ. ಎಲ್ಲಿಯ ಬುದ್ಧಿ? ಮೊದಲು ಬೋಗುಣಿಯನ್ನೇ ನಂಬಿದ್ದರು, ಮಾಪಕವನ್ನು ನಂಬುತ್ತಿರಲಿಲ್ಲ. ಈಗ ಎರಡನ್ನೂ ನಂಬದಾದರು. ಇಡೀ ದಿನ ಬಿಸಿಲು ಕೊಟ್ಟು, ಮಾಪಕಕ್ಕೆ ಹಸಿರು ದೀಪ ಬಂದ ಮೇಲೆ ನೀರು ಬಿಡುತ್ತೇನೆಂದರೆ, "ಆವತ್ತೂ ಹಿಂಗ ತಿಳಿ ಇತ್ತಲ್ಲ," ಅಂದರು. ತಿಳಿಯಾಗಿದೆ ಎಂದು ಕುಡಿದವರು ಈಗ ತಿಳಿಯಾಗಿದೆ ಎಂದೇ ಹೆದರಿದರು. ಟ್ಯಾಂಕರಿನ ಮುಂದೆ ಕೊಡಗಳ ಸಾಲು ಬೆಳೆಯಿತು. ಮೋಟರು ಹಾಕಿಸಿ ಯಾವುದೋ ಹಾಳು ಬಾವಿಯ ನೀರು ತರತೊಡಗಿದರು. ಅದರಲ್ಲಿ ಏನಿತ್ತೆಂದು ನಾನು ಹೇಳಲಾರೆ, ಹೇಳಿದರೂ ಕೇಳುವವರಿರಲಿಲ್ಲ. ಮಾವನವರು ಬೋಗುಣಿಯನ್ನು ಅಟ್ಟಕ್ಕೆ ಹಾಕಿ, ಊಟಕ್ಕೆ ಬಿಟ್ಟರೆ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಕೂಸನ್ನು ಮುಟ್ಟುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ಮಾಳಿಗೆಯ ಹಗ್ಗದಿಂದ ತಮ್ಮ ಹಳೆಯ ಸೀರೆ ತೆಗೆಯುತ್ತ ಗೊಣಗುತ್ತಿದ್ದರು. "ಈ ಸುಡುಗಾಡು ಬಿಸಲಿಗೆ ಕೆಂಪು ಸೆರಗು ಬೆಳ್ಳಗಾಗಿ ಹೋತು. ಅಂಚಿನ ನವಿಲು ಬಣ್ಣ ನೋಡು, ಹೊಸಾದಿದ್ದಂಗ ಐತಿ. ಇದು ನನ್ನ ಜೋಡಿನ ಸಾಯತೈತಿ."

ನಾನು ಸೀರೆಯನ್ನು ಕಿತ್ತುಕೊಂಡಂತೆ ಇಸಿದುಕೊಂಡೆ. ನವಿಲಿನ ಕತ್ತಿನ ಆ ಹಸಿರುನೀಲಿಯ ಕಣದಲ್ಲಿ ಸಡಿಲ ಕೊಂಡಿ ಇಲ್ಲ. ಇಡೀ ಕಣವೇ ಒಂದು ದೊಡ್ಡ ಬಳೆ, ನಡುವೆ ತಾಮ್ರ. ಬಣ್ಣ ಹೋಗಬೇಕಾದರೆ ಇಡೀ ಬಳೆಯೇ ಮುರಿಯಬೇಕು. ಬಿಸಿಲಿಗೂ ಅದು ಜಗ್ಗುವುದಿಲ್ಲ, ನಮ್ಮ ಹಸಿದ ತುಣುಕುಗಳಿಗೂ ಬೇಗ ಬಗ್ಗುವುದಿಲ್ಲ.

ಬೋಗುಣಿ ಸುಳ್ಳು ಹೇಳಿರಲಿಲ್ಲ. ಬಣ್ಣ ಹೋಯಿತೇ ಎಂದು ಕೇಳಿದ್ದೆವು, ಹೋಯಿತು ಅಂದಿತ್ತು. ಎಲ್ಲಕ್ಕಿಂತ ಕೊನೆಗೆ ಸಾಯುವ ಬಣ್ಣವೊಂದನ್ನು ನೀರಿಗೆ ಹಾಕಿಬಿಟ್ಟರೆ, ಅದು ಹೋದಾಗ ಉಳಿದದ್ದೆಲ್ಲ ಹೋಗಿರಲೇಬೇಕು. ಕೋಣೆಯಲ್ಲಿ ಗಾಜಿನ ಪಟ್ಟಿಯ ಮೇಲೆ ಹಾಕಿ ನೋಡಿದೆ. ಬಿಸಿಲಿನಲ್ಲಿ, ಮೋಡದಲ್ಲಿ, ಕೆಂಪಿನೊಂದಿಗೆ, ಸಾಬೂನಿನೊಂದಿಗೆ. ಪ್ರತಿ ಸಲವೂ ಮಾಪಕ ಮೊದಲು ಹಸಿರಾಗುತ್ತಿತ್ತು, ನವಿಲು ಬಣ್ಣ ಅದರ ಬೆನ್ನಿಗೆ ಮಾಯವಾಗುತ್ತಿತ್ತು. ಉಳಿಯುವ ಒಂದಿಷ್ಟು ತಾಮ್ರವನ್ನು ಕೊನೆಯ ಸೋಸುಕ ಹಿಡಿಯುತ್ತಿತ್ತು.

ಸಂಘದ ಸಭೆಯಲ್ಲಿ ಇದನ್ನು ಹೇಳಿದಾಗ ರಾಚಯ್ಯನವರು ಎದ್ದು ನಿಂತರು. "ನೀರಿನ ಬಣ್ಣ ತಗೀಲಿ ಅಂತ ಕಟ್ಟಿ ಕಟ್ಟೀವಿ. ಈಗ ನೀವು ನೀರಿಗೆ ಬಣ್ಣ ಹಾಕತೇನಿ ಅಂತೀರಿ. ತಲಿ ಸರಿ ಐತಿಲ್ಲೋ ಮೇಡಮ್ಮಾರ?"

ಜನ ನಕ್ಕರು. ನಾನು ಹಸಿದ ತುಣುಕಿನಿಂದ ಶುರುಮಾಡಿ ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಮತ್ತೆ ನಕ್ಕರು. ನೌಕರಿಗೆ ಬೆಂಕಿ ಬೀಳಲಿ, ಈ ಊರಿಗೂ ಬೀಳಲಿ ಎಂದು ಕಾಗದಗಳನ್ನು ಮಡಿಚುತ್ತಿದ್ದೆ. ಆಗ ಹಿಂದಿನ ಸಾಲಿನಿಂದ ಮಾವನವರು ಎದ್ದರು. ಅವರು ಬಂದಿರುವುದೇ ನನಗೆ ಗೊತ್ತಿರಲಿಲ್ಲ.

"ಚೇರ್ಮನ್ರ, ನನ್ನ ಮೊಮ್ಮಗಳ ತುಟಿಗೆ ಬಣ್ಣ ಹತ್ತೈತಿ ಅಂತ ನಮ್ಮ ಮನ್ಯಾಗೂ ನಕ್ಕಿದ್ವಿ. ಈ ಬಣ್ಣ ನೂಲಿಗೆ ಅಲ್ಲ, ಕಾವಲಿಗೆ. ಕಾವಲುಗಾರ ಎದ್ದು ಹೋಗೂತನಾ ಬಾಗಲಾ ತಗೀಬ್ಯಾಡ್ರಿ ಅನ್ನಾಕತ್ತಾಳ ನನ್ನ ಸೊಸಿ. ಇದ್ರಾಗ ನಗೂದು ಏನೈತಿ?" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಬೋಗುಣಿ ನಾ ಹಿಡೀತೇನಿ. ಆದ್ರ ನಿನ್ನ ಮಷೀನು ಒಪ್ಪಿದ ಮ್ಯಾಲ," ಅಂದರು.

ಯಾರೂ ನಗಲಿಲ್ಲ.

ಈಗ ಪ್ರತಿದಿನ ಬೆಳಿಗ್ಗೆ ಹುಸೇನಸಾಬ ಕಾಲುವೆಯ ಬಾಯಿಗೆ ಒಂದು ಚಿಟಿಕೆ ನವಿಲು ಬಣ್ಣ ಹಾಕುತ್ತಾನೆ. ಕೆಂಪು ಹೋಗುತ್ತದೆ, ನವಿಲು ಉಳಿಯುತ್ತದೆ. ಮಾವನವರು ತಲೆಗೆ ಟವೆಲು ಸುತ್ತಿ ಕಟ್ಟೆಯ ಮೇಲೆ ಕೂರುತ್ತಾರೆ. ಆಗಾಗ ಎದ್ದು ಬೋಗುಣಿ ತುಂಬಿ, ನಿಂತು ನೋಡಿ, ನೀರು ಚೆಲ್ಲಿ, ಮತ್ತೆ ಕೂರುತ್ತಾರೆ. ಮೋಡವಿದ್ದ ದಿನ ಚೇರ್ಮನ್ನರು ಬಂದು ಆಯಿತೇ ಎಂದು ಕೇಳಿದರೆ, "ಕಣ್ಣು ಬಿಟ್ಟಿಲ್ಲ," ಅನ್ನುತ್ತಾರೆ. ಊರಿಗೆ ಬಂದು ಹೋಗುವವರಿಗೆಲ್ಲ ಇದು ಅಜ್ಜನ ಕಾಲದ ರೂಢಿ ಎಂದು ಹೇಳುತ್ತಾರೆ. ನನ್ನ ಹೆಸರು ಎತ್ತುವುದಿಲ್ಲ.

ಮನೆಯಲ್ಲಿ ಮಾತ್ರ ಇನ್ನೊಂದು ಹೊಸ ಕಾಟ ಶುರುವಾಯಿತು. ಬಾಗಿಲು ತೆಗೆದ ಮೇಲೆ ಮಾವನವರು ಬೋಗುಣಿಯ ನೀರನ್ನು ತಂದು, ತಾವು ಕುಡಿದು, ಅಂಗಳದ ಬಿಸಿಲಿನಲ್ಲಿ ಕೈ ಚಾಚಿ ಉಗುರು ನೋಡಿಕೊಳ್ಳುತ್ತ ಕೂರುತ್ತಿದ್ದರು. ಅವರು ಎದ್ದು ತಲೆ ಆಡಿಸುವವರೆಗೆ ಅತ್ತೆ ಕೂಸಿಗೆ ಹಾಲು ಕಲಸುವಂತಿಲ್ಲ. ಕೂಸು ಅಳುತ್ತಿರುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಮಾವಾರ, ಮಷೀನು ಒಪ್ಪೇತಿ, ಬೋಗುಣಿ ಒಪ್ಪೇತಿ. ಇದೇನ್ರಿ ಮತ್ತ? ದೊಡ್ಡವರಿಗೆ ಉಗರಾಗ ಗೊತ್ತಾಗೂದಿಲ್ಲ ಅಂತ ಎಷ್ಟು ಸಲ ಹೇಳ್ಲಿ? ಅದೂ ನಿಮ್ಮ ಉಗುರು! ನಾ ಹುಟ್ಟೂಕ ಮೊದಲ ನೀಲಿ ಆಗ್ಯಾವಲ್ರಿ!"

ಅವರು ತಮ್ಮ ಹತ್ತು ಬೆರಳನ್ನೂ ಹೊರಳಿಸಿ ನೋಡಿದರು. ಈ ಮಾತು ಅವರಿಗೆ ಹೊಳೆದೇ ಇರಲಿಲ್ಲವೆಂದು ಮುಖವೇ ಹೇಳುತ್ತಿತ್ತು. ಬೋಗುಣಿಯ ತಳದಲ್ಲಿ ಉಳಿದ ನೀರನ್ನು ಲೋಟಕ್ಕೆ ಬಗ್ಗಿಸಿ ನನ್ನ ಮುಂದೆ ಇಟ್ಟರು.

"ಹಂಗಾದ್ರ ನೀ ಕುಡಿಯವಾ. ನಿನ್ನ ಉಗುರು ಬೆಳ್ಳಗ ಅದಾವು."

ಅದು ಯಾಕೆ ಉಪಯೋಗವಿಲ್ಲವೆಂದು ಎಲ್ಲ ಕಾರಣಗಳನ್ನೂ ಹೇಳಲು ಬಾಯಿ ತೆರೆದೆ. ಅವರ ಕಣ್ಣು ತೊಟ್ಟಿಲ ಕಡೆ ಇತ್ತು. ಲೋಟ ಎತ್ತಿ ನೀರು ಕುಡಿದೆ.

ಅಂದಿನಿಂದ ದಿನವೂ ಇದೇ ನಡೆಯುತ್ತದೆ. ರಸಾಯನಶಾಸ್ತ್ರ ಓದಿದ ನಾನು ಅಂಗಳದ ಬಿಸಿಲಿನಲ್ಲಿ ಶಾಲೆಯ ಹುಡುಗಿಯ ಹಾಗೆ ಎರಡೂ ಕೈ ಚಾಚಿ ನಿಲ್ಲುತ್ತೇನೆ. ಮಾವನವರು ತಮ್ಮ ನೀಲಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಗುಲಗಂಜಿಯ ಕಣ್ಣು ಹುಡುಕುವಾಗಿನ ಅದೇ ಶ್ರದ್ಧೆಯಿಂದ ಬಾಗಿ, ನನ್ನ ಉಗುರುಗಳನ್ನು ಒಂದೊಂದಾಗಿ ನೋಡುತ್ತಾರೆ. ಆಮೇಲೆ ಒಳಗೆ ಕೂಗಿ ಹೇಳುತ್ತಾರೆ.

"ಗೌರವ್ವಾ, ಕೂಸಿಗೆ ಹಾಲು ಕಲಸು."